ಸೂಜಿ ಹೇಳಿದ್ದೇ ಬೇರೆ

20 ಲೀಟರಿನ ನೀರಿನ ಕ್ಯಾನನ್ನು ನೆಲದಿಂದ ಎತ್ತಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕುವುದು ಬೆಂಗಳೂರಿನ ಕಚೇರಿಗಳಲ್ಲಿ ಯಾರ ಕೆಲಸವೂ ಅಲ್ಲ. ಹಾಗಾಗಿ ಅದು ಬಾಯಾರಿದವನ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಾಯಾರಿದವನು ನಾನು. ಕ್ಯಾನು ಎದೆಮಟ್ಟಕ್ಕೆ ಬಂದಿತ್ತು. ಬಲಕ್ಕೆ ತಿರುಗಿ ಅದರ ಬಾಯಿ ಕೆಳಗೆ ಮಾಡುವಷ್ಟರಲ್ಲಿ ಸೊಂಟದಲ್ಲಿ ಚಳಕ್ಕೆಂದಿತು. ಅರ್ಧ ನೀರು ನನ್ನ ಮೇಲೆ, ಅರ್ಧ ನೆಲದ ಮೇಲೆ. ಆಮೇಲೆ ಹದಿನೈದು ದಿನ ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯಬೇಕಾಯಿತು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಮಂಡಿ ಬಗ್ಗಿಸಿ ಎತ್ತಬೇಕಿತ್ತು ಮಾರಾಯ್ರೇ, ಸೊಂಟ ಬಗ್ಗಿಸಬಾರದು." ನಮ್ಮ ಕಚೇರಿಯ ಪ್ಯಾಂಟ್ರಿಯಲ್ಲಿ ಇದರ ಪೋಸ್ಟರೇ ಇದೆ. ಎಡಗಡೆ ಬೆನ್ನು ಬಾಗಿಸಿ ಪೆಟ್ಟಿಗೆ ಎತ್ತುವವನಿಗೆ ಕೆಂಪು ಅಡ್ಡಗೀಟು, ಬಲಗಡೆ ಕುಕ್ಕರಗಾಲಲ್ಲಿ ಕೂತು ಎತ್ತುವವನಿಗೆ ಹಸಿರು ಟಿಕ್ಕು. ನನ್ನ ಸೊಂಟ ಹಿಡಿದದ್ದು ಸರಿಯಾಗಿ ಆ ಪೋಸ್ಟರಿನ ಬುಡದಲ್ಲಿ. ಮಲಗಿದ್ದವನಿಗೆ ಬೇರೆ ಕೆಲಸವೂ ಇರಲಿಲ್ಲ. ಈ ಕೆಂಪು ಗೀಟು, ಹಸಿರು ಟಿಕ್ಕು ಎಲ್ಲಿಂದ ಬಂದವು, ಯಾರಾದರೂ ಅಳೆದು ನೋಡಿದ್ದಾರೆಯೇ ಎಂದು ಓದುತ್ತಾ ಹೋದೆ. ಅಳೆದಿದ್ದರು. ಸೂಜಿ ಚುಚ್ಚಿ ಅಳೆದಿದ್ದರು.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಜ್ಜೀನಿ 1700ರಲ್ಲೇ ಕಸುಬುಗಳಿಂದ ಬರುವ ಕಾಯಿಲೆಗಳ ಮೇಲೊಂದು ಪುಸ್ತಕ ಬರೆದಿದ್ದ. ರೋಗಿಯ ನಾಡಿ ಹಿಡಿಯುವಾಗ ಅವನ ಕಸುಬು ಯಾವುದೆಂದೂ ಕೇಳಿ ಎಂದು ವೈದ್ಯರಿಗೆ ಕಲಿಸಿದವನು ಅವನು. ಹೊರೆ ಹೊರುವವರ ಬಗ್ಗೆಯೂ ಅದರಲ್ಲೊಂದು ಅಧ್ಯಾಯವಿದೆ. ಆದರೆ ನೋವು ಬೆನ್ನಿನೊಳಗೆ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕೆ ಒಂದು ಗಟ್ಟಿ ಉತ್ತರ ಸಿಗಲು 1934 ಬರಬೇಕಾಯಿತು. ಆ ವರ್ಷ ಬಾಸ್ಟನ್ನಿನ ಇಬ್ಬರು ಶಸ್ತ್ರವೈದ್ಯರು, ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್, ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಡೆದು ಅದರ ತಿರುಳು ಹೊರಗೆ ಬಂದು ನರವನ್ನು ಒತ್ತುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿಂದ ಸೊಂಟದ ಸಕಲ ಪಾಪವೂ ಡಿಸ್ಕಿನ ತಲೆಗೇ ಬಂತು. ನಮ್ಮಲ್ಲಿ ಇವತ್ತಿಗೂ ಯಾರಿಗೆ ಸೊಂಟ ನೋವೆಂದರೂ "ಡಿಸ್ಕ್ ಜಾರಿರಬೇಕು" ಎನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ.

ಹಾಗಾದರೆ ಆ ಡಿಸ್ಕಿನ ಮೇಲೆ ಎಷ್ಟು ಭಾರ ಬೀಳುತ್ತದೆ? ಇದನ್ನು ತಲೆಗೆ ಹಚ್ಚಿಕೊಂಡವನು ಆಲ್ಫ್ ನಾಖೆಮ್ಸನ್ ಎಂಬ ಸ್ವೀಡನ್ನಿನ ಯುವಕ. ಬೇಸಿಗೆಯಲ್ಲಿ ತಾಟಿನಿಂಗು ತಿಂದವರಿಗೆ ಡಿಸ್ಕನ್ನು ಕಣ್ಣಮುಂದೆ ತಂದುಕೊಳ್ಳುವುದು ಸುಲಭ. ಹೊರಗೆ ಸುತ್ತು ಸುತ್ತಾಗಿ ನಾರು, ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು. ನಾಖೆಮ್ಸನ್ ಮೊದಲು ಶವಗಳಿಂದ ತೆಗೆದ ಡಿಸ್ಕುಗಳ ಮೇಲೆ ಪ್ರಯೋಗ ಮಾಡಿದ. ಆರೋಗ್ಯವಾದ ಡಿಸ್ಕಿನ ತಿರುಳು ದ್ರವದ ಹಾಗೆ ವರ್ತಿಸುತ್ತದೆ, ಮೇಲಿನಿಂದ ಒತ್ತಿದರೆ ಒಳಗೆ ಎಲ್ಲ ದಿಕ್ಕಿಗೂ ಒಂದೇ ಒತ್ತಡ ಹಬ್ಬುತ್ತದೆ ಎಂಬುದು ಗೊತ್ತಾಯಿತು. 1960ರ ಅವನ ಪ್ರಬಂಧದ ಸಾರ ಇದು. ಕೇಳಲು ಸಪ್ಪೆ, ಆದರೆ ಬೀಗದ ಕೈ ಇಲ್ಲೇ ಇತ್ತು. ತಿರುಳಿನಲ್ಲಿ ಎಲ್ಲಾದರೂ ಒಂದು ಕಡೆ ಸೂಜಿಯ ತುದಿ ತಲುಪಿದರೆ ಸಾಕು, ಇಡೀ ಡಿಸ್ಕಿನ ಮೇಲೆ ಎಷ್ಟು ಹೊರೆಯಿದೆ ಎಂದು ಅದು ಹೇಳಿಬಿಡುತ್ತದೆ.

ಮುಂದಿನದು ಬದುಕಿರುವವರ ಸೊಂಟಕ್ಕೆ ಸೂಜಿ. ತುದಿಗೆ ತೆಳ್ಳನೆಯ ಪೊರೆ ಕಟ್ಟಿದ, ಒಳಗೆ ದ್ರವ ತುಂಬಿದ ಸೂಜಿ, ಅದರ ಇನ್ನೊಂದು ತುದಿಗೆ ಒತ್ತಡ ಅಳೆಯುವ ಸಾಧನ. 1964ರಲ್ಲಿ ನಾಖೆಮ್ಸನ್ ಮತ್ತು ಅಮೆರಿಕದ ಜೇಮ್ಸ್ ಮಾರಿಸ್ ಸೇರಿ ಮೊದಲ ಅಳತೆಗಳನ್ನು ಪ್ರಕಟಿಸಿದರು. ಆಮೇಲೆ ಸ್ವೀಡನ್ನಿನಲ್ಲಿ ಸೂಜಿ ಚುಚ್ಚಿಸಿಕೊಂಡವರು ಕೂತರು, ನಿಂತರು, ಬಗ್ಗಿದರು, ಭಾರ ಎತ್ತಿದರು. ಸುಮ್ಮನೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ 25. ಕೂತರೆ 140. ನಿಂತು ಮುಂದಕ್ಕೆ ಬಗ್ಗಿದರೆ 150, ಹಾಗೇ ಬಗ್ಗಿ ಕೈಯಲ್ಲಿ ಭಾರ ಹಿಡಿದರೆ 220. ಕೂತು ಮುಂದೆ ಬಗ್ಗಿ ಭಾರ ಹಿಡಿದರೆ 275. ಈ ಅಂಕಿಗಳ ಪಟ್ಟಿ ಜಗತ್ತಿನ ಫಿಸಿಯೋಥೆರಪಿ ಕೊಠಡಿಗಳ ಗೋಡೆಯನ್ನೆಲ್ಲ ಏರಿತು. ನನಗೆ ವ್ಯಾಯಾಮ ಹೇಳಿಕೊಟ್ಟ ಜಾಗದಲ್ಲೂ ಇತ್ತು.

ಈ ಹೆಚ್ಚಳಕ್ಕೆ ಕಾರಣ ಒಂದು ಮೋಸದ ತಕ್ಕಡಿ. ಬೆನ್ನೆಲುಬು ಅದರ ನಡುಮುಳ್ಳು. ಮುಂದಿನ ತಟ್ಟೆಯಲ್ಲಿ ಕೈಯಲ್ಲಿರುವ ಕ್ಯಾನು, ಹಿಂದಿನ ತಟ್ಟೆಯಲ್ಲಿ ಬೆನ್ನಿನ ಸ್ನಾಯು. ಸ್ನಾಯು ಡಿಸ್ಕಿನಿಂದ ಸುಮಾರು 5 ಸೆಂಟಿಮೀಟರ್ ಮಾತ್ರ ಹಿಂದಿದೆ. ಕೈ ಚಾಚಿ ಹಿಡಿದ ಕ್ಯಾನು 50 ಸೆಂಟಿಮೀಟರ್ ಮುಂದಿದೆ. 20 ಕೆಜಿಯನ್ನು ಸರಿದೂಗಿಸಲು ಸ್ನಾಯು 200 ಕೆಜಿಯಷ್ಟು ಎಳೆಯಬೇಕು, ಎರಡೂ ಸೇರಿ ಡಿಸ್ಕಿನ ಮೇಲೆ ಕೂರುತ್ತವೆ. ಬಗ್ಗಿದ ತಲೆ, ಎದೆ, ತೋಳುಗಳ ಭಾರ ಬೇರೆ. ಅಂದರೆ ಸೂಜಿ ಹೇಳುತ್ತಿದ್ದದ್ದು ಮುಖ್ಯವಾಗಿ ದೂರದ ಮಾತು: ಭಾರ ಮೈಯಿಂದ ಎಷ್ಟು ದೂರ ಇದೆ?

ಕೇಳಿದವರು ಅದನ್ನು ಭಂಗಿಯ ಮಾತು ಮಾಡಿಕೊಂಡರು. ಎತ್ತುವವನಿಗೆ ಎತ್ತಲು ಬರುವುದಿಲ್ಲ, ಕಲಿಸಿದರೆ ಸರಿಹೋಗುತ್ತದೆ ಎಂದುಕೊಂಡರು. 1969ರಲ್ಲಿ ಸ್ಟಾಕ್‌ಹೋಮ್ ಪಕ್ಕದ ಡಾಂಡರಿಡ್ ಆಸ್ಪತ್ರೆಯಲ್ಲಿ 'ಬೆನ್ನಿನ ಶಾಲೆ' ಶುರುವಾಯಿತು. ನಾಲ್ಕು ತರಗತಿಗಳಲ್ಲಿ ಪಾಠ: ಬೆನ್ನು ಹೇಗಿದೆ, ಹೇಗೆ ಕೂರಬೇಕು, ಹೇಗೆ ಎತ್ತಬೇಕು. ಆ ಶಾಲೆ ದಂಡ ಎಂದು ನಾನು ಹೇಳಲಾರೆ. ಗೋಥೆನ್‌ಬರ್ಗಿನ ವೋಲ್ವೊ ಕಾರ್ಖಾನೆಯ 217 ಕಾರ್ಮಿಕರ ಮೇಲೆ 1977ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಗಲೇ ಸೊಂಟ ಹಿಡಿದವರು ಈ ಪಾಠ ಕೇಳಿದ ಮೇಲೆ ಬೇಗ ಕೆಲಸಕ್ಕೆ ಮರಳಿದ್ದರು. ನೋವು ಬಂದವನಿಗೆ ಧೈರ್ಯ ಹೇಳುವುದು ಒಂದು, ನೋವೇ ಬರದಂತೆ ತಡೆಯುವುದು ಇನ್ನೊಂದು. ಜಗತ್ತು ಎರಡನ್ನೂ ಒಂದೇ ಗಂಟಿಗೆ ಕಟ್ಟಿತು. ನಮ್ಮ ಪ್ಯಾಂಟ್ರಿಯ ಪೋಸ್ಟರು ಆ ಗಂಟಿನಿಂದ ಉದುರಿದ್ದು.

ಗಂಟು ಬಿಚ್ಚಿ ನೋಡಿದವನು ವೈದ್ಯನಲ್ಲ, ವಿಮಾ ಕಂಪನಿಯ ನೌಕರ. ಇದು ನನಗೆ ಈ ಕತೆಯಲ್ಲಿ ಬಹಳ ಇಷ್ಟವಾದ ತಿರುವು. ಬಾಸ್ಟನ್ ಮ್ಯಾರಥಾನ್ ಓಟ ಶುರುವಾಗುವ ಹಾಪ್ಕಿಂಟನ್ ಎಂಬ ಪುಟ್ಟ ಊರಿನಲ್ಲಿ ಲಿಬರ್ಟಿ ಮ್ಯೂಚುಯಲ್ ಎಂಬ ವಿಮಾ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಕಾರ್ಖಾನೆಯ ಕಾರ್ಮಿಕನಿಗೆ ಸೊಂಟ ಹಿಡಿದರೆ ಪರಿಹಾರ ಕಟ್ಟಬೇಕಾದವರು ಇವರೇ. ಹಾಗಾಗಿ ಇವರಿಗೆ ಬೇಕಿದ್ದದ್ದು ಸಿದ್ಧಾಂತವಲ್ಲ, ಲೆಕ್ಕ. ಅಲ್ಲಿದ್ದ ಸ್ಟೋವರ್ ಸ್ನೂಕ್ ಮನಶ್ಶಾಸ್ತ್ರ ಓದಿದವನು. ಸೂಜಿಯನ್ನು ಮುಟ್ಟದೆ ಅವನು ಸೀದಾ ಕಾರ್ಮಿಕರನ್ನೇ ಕೇಳಿದ.

ಅವನ ಪ್ರಯೋಗ ಹೀಗೆ. ಒಬ್ಬ ಕಾರ್ಮಿಕನ ಮುಂದೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ಸೀಸದ ಗುಂಡುಗಳು. ಪೆಟ್ಟಿಗೆಯನ್ನು ಇಷ್ಟು ಎತ್ತರಕ್ಕೆ, ನಿಮಿಷಕ್ಕೆ ಇಷ್ಟು ಸಲ ಎತ್ತಬೇಕು. ತೂಕ ಎಷ್ಟಿರಬೇಕೆನ್ನುವುದು ಅವನಿಗೇ ಬಿಟ್ಟದ್ದು. ಹೆಚ್ಚಾಯಿತೆನಿಸಿದರೆ ಗುಂಡು ತೆಗೆಯಬಹುದು, ಕಡಿಮೆಯೆನಿಸಿದರೆ ಸುರಿಯಬಹುದು. ತುಂಡುಗೂಲಿಗೆ ದುಡಿಯುತ್ತಿದ್ದೇನೆ, ಮೈ ಸೋಲಬಾರದು, ಏದುಸಿರು ಬರಬಾರದು, ಎಂಟು ಗಂಟೆ ಇದೇ ಕೆಲಸ ಎಂದುಕೊಂಡು ಅವನು ಹದ ಹುಡುಕಬೇಕು. ಪೆಟ್ಟಿಗೆಗೆ ಸುಳ್ಳು ತಳ ಇತ್ತು, ಕಣ್ಣಲ್ಲಿ ನೋಡಿ ತೂಕ ಊಹಿಸುವ ಹಾಗಿಲ್ಲ, ಮೈಯೇ ಹೇಳಬೇಕು. ಅಡುಗೆಯವರು ಉಪ್ಪು ಹಾಕಿದ ಹಾಗೆ, ಚೂರು ಹಾಕಿ, ಚೂರು ತೆಗೆದು, ಕೊನೆಗೆ ಒಂದು ತೂಕಕ್ಕೆ ಬಂದು ನಿಲ್ಲುತ್ತಿದ್ದರು. ಗಂಡಸರು, ಹೆಂಗಸರು, ಬೇರೆ ಬೇರೆ ಎತ್ತರ, ಬೇರೆ ಬೇರೆ ವೇಗ ಎಂದು ವರ್ಷಗಟ್ಟಲೆ ಇದನ್ನೇ ಮಾಡಿ ಸ್ನೂಕ್ ಕೋಷ್ಟಕಗಳನ್ನು ಕಟ್ಟಿದ.

1978ರಲ್ಲಿ ಅವನೂ ಅವನ ಇಬ್ಬರು ಸಹೋದ್ಯೋಗಿಗಳೂ ಒಂದು ಪುಟ್ಟ ಪ್ರಬಂಧ ಬರೆದರು. ಕಂಪನಿಯ 191 ಸುರಕ್ಷತಾ ಪ್ರತಿನಿಧಿಗಳಿಗೆ ಪ್ರಶ್ನಾವಳಿ ಕಳಿಸಿ, ನೀವು ಇತ್ತೀಚೆಗೆ ಕಂಡ ಬೆನ್ನುನೋವಿನ ಪ್ರಕರಣದಲ್ಲಿ ಕಾರ್ಮಿಕ ಮಾಡುತ್ತಿದ್ದ ಕೆಲಸವೇನು, ಅವನಿಗೆ ತರಬೇತಿ ಆಗಿತ್ತೇ, ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎಕ್ಸ್‌ರೇ ತೆಗೆದಿದ್ದರೇ ಎಂದು ಕೇಳಿದ್ದರು. ಉತ್ತರ ಮುಖಕ್ಕೆ ಹೊಡೆದಂತಿತ್ತು. ಎತ್ತುವ ತರಬೇತಿ ಕೊಟ್ಟ ಕಡೆಯೂ ಕೊಡದ ಕಡೆಯೂ ಸೊಂಟ ಹಿಡಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಕ್ಸ್‌ರೇ ತೆಗೆದು ಆಯ್ದುಕೊಂಡದ್ದರಿಂದಲೂ ಪ್ರಯೋಜನವಿಲ್ಲ. ಆದರೆ ಕೆಲಸದ ಭಾರ ಕೋಷ್ಟಕದ ಮಿತಿ ಮೀರಿದ್ದರೆ ಅಪಾಯ ಮೂರು ಪಟ್ಟು. ಕೆಲಸವನ್ನೇ ಮನುಷ್ಯನಿಗೆ ಹೊಂದುವಂತೆ ತಿದ್ದಿದರೆ ಕೈಗಾರಿಕೆಯ ಬೆನ್ನುನೋವಿನಲ್ಲಿ ಮೂರರಲ್ಲೊಂದು ಪಾಲನ್ನು ತಪ್ಪಿಸಬಹುದು ಎಂದು ಅವರು ಲೆಕ್ಕ ಹಾಕಿದರು.

ಯಾರೂ ಪೋಸ್ಟರ್ ಕೀಳಲಿಲ್ಲ. ಪೋಸ್ಟರ್ ಅಗ್ಗ. ಕಟ್ಟೆ ಎತ್ತರಿಸಬೇಕು, ಚೀಲ ಚಿಕ್ಕದು ಮಾಡಬೇಕು, ಟ್ರಾಲಿ ತರಬೇಕು ಎಂದರೆ ಮಾಲೀಕನ ಜೇಬಿಗೆ ಕೈ ಹಾಕಬೇಕು. ನೋವು ಬಂದಾಗ "ನಿನಗೆ ಹೇಳಿಕೊಟ್ಟಿರಲಿಲ್ಲವೇ?" ಎನ್ನುವ ಅನುಕೂಲವೂ ತರಬೇತಿಯಲ್ಲಿದೆ. ನನ್ನ ಅನುಮಾನ ಇದು, ಪ್ರಬಂಧದ ಮಾತಲ್ಲ.

ಆದರೆ ಅಳೆಯುವವರು ಬಿಡಲಿಲ್ಲ. ಅಮೆರಿಕದ ಸುಮಾರು 4,000 ಅಂಚೆ ನೌಕರರನ್ನು ಗುಂಪು ಮಾಡಿ, ಕೆಲವು ಗುಂಪುಗಳಿಗೆ ಬೆನ್ನಿನ ಶಾಲೆಯ ಪಾಠ ಹೇಳಿ, ಕೆಲವಕ್ಕೆ ಹೇಳದೆ, ಐದೂವರೆ ವರ್ಷ ಕಾದು ನೋಡಿದರು. 1997ರಲ್ಲಿ ಬಂದ ಫಲಿತಾಂಶ ಪರೀಕ್ಷೆಯಲ್ಲಿ ಪಾಸು, ಬದುಕಿನಲ್ಲಿ ಫೇಲು ಎನ್ನುವಂತಿತ್ತು. ಪಾಠ ಕೇಳಿದವರಿಗೆ ಹೇಗೆ ಎತ್ತಬೇಕೆನ್ನುವ ತಿಳಿವಳಿಕೆ ಹೆಚ್ಚಿತ್ತು, ಬೆನ್ನಿನ ಗಾಯಗಳು ಮಾತ್ರ ಕಡಿಮೆಯಾಗಿರಲಿಲ್ಲ. ಸೊಂಟಕ್ಕೆ ಕಟ್ಟುವ ಬೆಲ್ಟಿನ ಕತೆಯೂ ಅಷ್ಟೆ. ದೊಡ್ಡ ಮಳಿಗೆಗಳ 9,377 ನೌಕರರ ಮೇಲೆ ನಡೆದ ಅಧ್ಯಯನ 2000ದಲ್ಲಿ ಹೊರಬಂತು. ಬೆಲ್ಟ್ ಕಟ್ಟಿದವರಿಗೂ ಕಟ್ಟದವರಿಗೂ ವ್ಯತ್ಯಾಸ ಕಾಣಲಿಲ್ಲ.

ಗೊತ್ತಿದ್ದೂ ಜನ ಮಂಡಿ ಬಗ್ಗಿಸುವುದಿಲ್ಲ ಏಕೆ? ಸೋಮಾರಿತನ ಎನ್ನುವವರು ಒಮ್ಮೆ ಕುಕ್ಕರಗಾಲಲ್ಲಿ ಕೂತು ಐವತ್ತು ಸಲ ಎದ್ದು ನೋಡಲಿ. ಪ್ರತಿ ಸಲವೂ ಪೆಟ್ಟಿಗೆಯ ಜೊತೆ ತನ್ನ ಮೈಭಾರವನ್ನೂ ತೊಡೆಯ ಮೇಲೆ ಎತ್ತಬೇಕು, ಉಸಿರು ಬೇಗ ಕಟ್ಟುತ್ತದೆ. ಇನ್ನೊಂದು ತೊಡಕು, ಪೆಟ್ಟಿಗೆ ಅಗಲವಾಗಿದ್ದರೆ ಎರಡು ಮಂಡಿಗಳ ನಡುವೆ ಹಿಡಿಸುವುದಿಲ್ಲ. ಮಂಡಿಯ ಮುಂದೆ ಉಳಿಯುತ್ತದೆ, ಅಂದರೆ ಡಿಸ್ಕಿನಿಂದ ಇನ್ನೂ ದೂರ. ಹಸಿರು ಟಿಕ್ಕಿನವನು ಕೆಲವೊಮ್ಮೆ ಕೆಂಪು ಗೀಟಿನವನಿಗಿಂತ ಹೆಚ್ಚು ಭಾರ ಹೊರುತ್ತಾನೆ.

ಮಂಡಿಯ ಪಾಠವನ್ನು ನಾನು ಮಂಡಿಯಲ್ಲೇ ಕಲಿಯಬೇಕಿತ್ತು. ಚಿಕ್ಕವನಿದ್ದಾಗ ರಜೆಗೆ ದಾವಣಗೆರೆಗೆ ಹೋದರೆ ಸೋದರಮಾವನ ಅಕ್ಕಿ ಮಂಡಿಯಲ್ಲಿ ಹಮಾಲರ ಕೆಲಸ ನೋಡುತ್ತಾ ಕೂರುತ್ತಿದ್ದೆ. ಆಗಿನದು ಕ್ವಿಂಟಲ್ ಚೀಲ. ಒಬ್ಬನೇ ಅದನ್ನು ನೆಲದಿಂದ ಎತ್ತಿದ್ದನ್ನು ನಾನು ಕಂಡಿಲ್ಲ. ಇಬ್ಬರು ಕೊಕ್ಕೆ ಹಾಕಿ ಚೀಲದ ಎರಡು ಕಡೆ ಹಿಡಿದು ಒಂದು ಸಲ ತೂಗಿ ಮೇಲೆತ್ತುವರು. ಮೂರನೆಯವನು ಸ್ವಲ್ಪ ಬಗ್ಗಿ ಬೆನ್ನು ಕೊಟ್ಟುಕೊಂಡು ಅದರಡಿ ಹೋಗುವನು. ಲಾರಿಯಿಂದ ಇಳಿಸುವಾಗಲಂತೂ ಚೀಲ ಭುಜದ ಎತ್ತರದಲ್ಲೇ ಇರುತ್ತಿತ್ತು. "ನೆಲದಾಗಿಂದ ಎತ್ತೋನು ಹಮಾಲಿ ಅಲ್ಲ ತಮ್ಮಾ, ಹುಚ್ಚ" ಎಂದು ಅವರಲ್ಲೊಬ್ಬರು ನಕ್ಕಿದ್ದು ನೆನಪಿದೆ. ಭಾರ ಮೈಗೆ ಅಂಟಿಕೊಂಡಿರಬೇಕು, ಕೆಳಗಿನಿಂದ ಮೇಲಕ್ಕೆ ಎತ್ತುವ ಪ್ರಸಂಗವೇ ಬರಬಾರದು: ಸೂಜಿಯೂ ಸ್ನೂಕನ ಕೋಷ್ಟಕವೂ ಹೇಳಿದ್ದು ಅದನ್ನೇ. ಹಳೆಯ ದಾರಿಗಳ ಪಕ್ಕ ನಿಂತಿರುವ ಹೊರೆಗಲ್ಲುಗಳೂ ಅದನ್ನೇ ಹೇಳುತ್ತವೆ. ಎರಡು ಕಂಬ, ಅಡ್ಡಕ್ಕೊಂದು ಚಪ್ಪಡಿ. ತಲೆಹೊರೆಯವರು ಬಗ್ಗದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ಬಗ್ಗದೆ ತಲೆಗೇರಿಸಿಕೊಳ್ಳುತ್ತಿದ್ದರು. ತಮಿಳರು ಸುಮೈತಾಂಗಿ ಎನ್ನುವುದು ಇದಕ್ಕೇ.

ಹಾಗೆಂದು ಹಮಾಲರ ಸೊಂಟ ಗಟ್ಟಿಯಿತ್ತು ಎಂದು ಯಾರೂ ತಿಳಿಯಬೇಡಿ. ನೂರು ಕೆಜಿಯನ್ನು ಹೇಗೆ ಹೊತ್ತರೂ ಅದು ನೂರೇ ಕೆಜಿ. ಐವತ್ತು ದಾಟುವಷ್ಟರಲ್ಲಿ ಅವರಲ್ಲಿ ಹಲವರ ಬೆನ್ನು ಬಾಗಿರುತ್ತಿತ್ತು. ವಯಸ್ಕ ಗಂಡಸಿಗೆ 55 ಕೆಜಿಗಿಂತ ಹೆಚ್ಚು ಬೇಡ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತ್ತು. ನಮ್ಮ ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲೂ ಗಂಡಸಿಗೆ 55, ಹೆಂಗಸಿಗೆ 30 ಕೆಜಿ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಶ್ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿತು. 1991ರಲ್ಲಿ ಅದು ಪರಿಷ್ಕರಿಸಿದ ಸೂತ್ರದಲ್ಲಿ ಡಿಸ್ಕಿನ ಮೇಲಿನ ಒತ್ತುಬಲದ ಮಿತಿಯೂ ಇದೆ, ಸ್ನೂಕನ ಮಾದರಿಯ ಅಳತೆಗಳೂ ಇವೆ. ಎಲ್ಲ ಅನುಕೂಲವಾಗಿದ್ದರೆ, ಅಂದರೆ ಭಾರ ಮೈಗೆ ಹತ್ತಿರ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ, ಎದುರಿಗೇ ಇದ್ದರೆ, 23 ಕೆಜಿ. ಅನುಕೂಲ ತಪ್ಪಿದಂತೆಲ್ಲ ಅದರಿಂದ ಕಳೆಯುತ್ತಾ ಹೋಗಬೇಕು. ನಾನು ಹಾಸಿಗೆಯಲ್ಲೇ ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಮಾಡಿದೆ. ನೆಲಮಟ್ಟದಲ್ಲಿ ಹಿಡಿದು, ಪಾದದ ಗಿಣ್ಣಿನಿಂದ 40 ಸೆಂಟಿಮೀಟರ್ ಮುಂದಿನಿಂದ, ಒಂದು ಮೀಟರ್ ಎತ್ತರಕ್ಕೆ ಎತ್ತುವ ವಸ್ತುವಿನ ಮಿತಿ 10 ಕೆಜಿಯೂ ಇಲ್ಲ. ಪಕ್ಕಕ್ಕೆ ತಿರುಗಿದರೆ ಇನ್ನೂ ಕಡಿಮೆ. ನನ್ನ ಕ್ಯಾನು ಅದರ ಎರಡರಷ್ಟಿತ್ತು.

ಆಮೇಲೆ ಸೂಜಿ ಮತ್ತೊಮ್ಮೆ ಬಂತು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಹಾನ್ಸ್-ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಂದೂವರೆ ಮಿಲಿಮೀಟರ್ ದಪ್ಪದ, ಬಳುಕುವ ಸಂವೇದಕವೊಂದನ್ನು 45 ವರ್ಷದ ಮೂಳೆ ಶಸ್ತ್ರವೈದ್ಯರೊಬ್ಬರ ಸೊಂಟದ ಡಿಸ್ಕಿಗೆ ಇಳಿಸಿದರು. ಅದನ್ನು ಇಟ್ಟುಕೊಂಡೇ ಆ ಮಹಾನುಭಾವರು ಸುಮಾರು 24 ಗಂಟೆ ಕಳೆದರು. ನಡೆದರು, ಮೆಟ್ಟಿಲು ಹತ್ತಿದರು, ನಿದ್ದೆಯನ್ನೂ ಮಾಡಿದರು. ಪೆಟ್ರೋಲ್ ಬಂಕಿನಲ್ಲಿ "ಎಷ್ಟು ಹಾಕ್ಲಿ ಸರ್, ಮೂವತ್ತೆರಡಾ?" ಎಂದು ಕೇಳುವ ಗಾಳಿಯ ಲೆಕ್ಕಕ್ಕೆ ಅವರ ಅಂಕಿಗಳನ್ನು ತಿರುಗಿಸಿಕೊಂಡರೆ ನನಗೆ ಅರ್ಥವಾಗುತ್ತದೆ. ಆರಾಮವಾಗಿ ನಿಂತಾಗ ಡಿಸ್ಕಿನಲ್ಲಿ ಸುಮಾರು 73. 20 ಕೆಜಿಯನ್ನು ಬೆನ್ನು ಬಾಗಿಸಿ ಎತ್ತಿದಾಗ 333, ಕಾರಿನ ಚಕ್ರದ ಹತ್ತು ಪಟ್ಟು. ಮಂಡಿ ಬಗ್ಗಿಸಿ ಎತ್ತಿದಾಗ 247. ಮೈಗೆ ಅವಚಿಕೊಂಡಾಗ 160. ಅಂದರೆ ಮಂಡಿಯ ಉಪದೇಶ ಪೂರ್ತಿ ಸುಳ್ಳಲ್ಲ, ಆದರೆ ಅವಚಿಕೊಳ್ಳುವುದರ ಮುಂದೆ ಅದು ಸಣ್ಣದು. ಮೂವತ್ತು ವರ್ಷ ಗೋಡೆಯ ಮೇಲಿದ್ದ ಇನ್ನೊಂದು ನಂಬಿಕೆಯೂ ಅಲುಗಿತು. ಕೂತರೆ ನಿಂತದ್ದಕ್ಕಿಂತ ಒತ್ತಡ ಹೆಚ್ಚು ಎಂದು ನಾಖೆಮ್ಸನ್ ಪಟ್ಟಿ ಹೇಳಿತ್ತು. ಉಲ್ಮ್‌ನಲ್ಲಿ ಅದು ನಿಂತದ್ದಕ್ಕಿಂತ ಚೂರು ಕಡಿಮೆಯೇ ಬಂತು, ಸೋಫಾದಲ್ಲಿ ಒರಗಿ ಬಿದ್ದುಕೊಂಡರಂತೂ ಇನ್ನೂ ಕಡಿಮೆ. ಮಕ್ಕಳಿಗೆ "ನೆಟ್ಟಗೆ ಕೂರು" ಎನ್ನುವಾಗ ಈಚೆಗೆ ನನ್ನ ದನಿ ಸ್ವಲ್ಪ ತಗ್ಗಿದೆ.

ರಾತ್ರಿಯ ಅಂಕಿ ಇನ್ನೂ ಸ್ವಾರಸ್ಯದ್ದು. ಮಲಗಿದಾಗ 15ರಷ್ಟಿದ್ದ ಒತ್ತಡ ಬೆಳಗಿನ ಹೊತ್ತಿಗೆ 35ಕ್ಕೆ ಏರಿತ್ತು. ಹೊರೆ ಇಳಿದ ಡಿಸ್ಕು ರಾತ್ರಿಯೆಲ್ಲ ನೆನೆಹಾಕಿದ ಕಡಲೆಯ ಹಾಗೆ ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ನಾವು ತುಸು ಎತ್ತರವಿರುವುದು ಇದರಿಂದಲೇ. ಉಬ್ಬಿದ ಡಿಸ್ಕು ಬಗ್ಗಿದರೆ ಬಿಗಿಯುತ್ತದೆ. ಬಹುಕಾಲದ ಬೆನ್ನುನೋವಿನವರು ಎದ್ದ ಮೇಲೆ ಮೊದಲ ಕೆಲವು ಗಂಟೆ ಬಗ್ಗದಿದ್ದರೆ ನೋವು ಕಡಿಮೆಯಾಗುತ್ತದೆಂದು 1998ರಲ್ಲಿ ಪ್ರಯೋಗ ಮಾಡಿ ತೋರಿಸಿದವನೂ ನಮ್ಮ ಸ್ನೂಕನೇ. ಇದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ಐದಕ್ಕೆ ಎದ್ದು ಮೋಟು ಪೊರಕೆಯಲ್ಲಿ ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಇಟ್ಟ ಮೇಲೆಯೇ ಅವಳ ಬೆನ್ನು ನೆಟ್ಟಗಾಗುತ್ತಿದ್ದದ್ದು.

ಇಷ್ಟಾದರೂ ಒತ್ತಡವೇ ನೋವಲ್ಲ. ಫಿನ್ಲೆಂಡಿನ 115 ಜೋಡಿ ತದ್ರೂಪಿ ಅವಳಿ ಗಂಡಸರ ಡಿಸ್ಕುಗಳನ್ನು 1995ರಲ್ಲಿ ಹೋಲಿಸಿದಾಗ, ಒಬ್ಬ ಭಾರದ ಕೆಲಸ ಮಾಡಿ ಇನ್ನೊಬ್ಬ ಹಗುರದ್ದು ಮಾಡಿದ್ದರೂ ಸವೆತ ಹೆಚ್ಚುಕಡಿಮೆ ಒಂದೇ ಥರ ಇತ್ತು. ವಂಶದ ಪಾಲು ದೊಡ್ಡದು. ವಿಮಾನ ಕಟ್ಟುವ ಬೋಯಿಂಗ್ ಕಾರ್ಮಿಕರಲ್ಲಿ, ಕೆಲಸ ಕಂಡರಾಗದವರು ಬೆನ್ನುನೋವೆಂದು ಬರುವುದು ಕೆಲಸ ಇಷ್ಟಪಡುವವರಿಗಿಂತ ಎರಡೂವರೆ ಪಟ್ಟು ಹೆಚ್ಚು ಎಂದು 1991ರ ಅಧ್ಯಯನ ಹೇಳಿತು. ನಾಖೆಮ್ಸನ್ ಇದಕ್ಕೆಲ್ಲ ಕಿವಿಗೊಟ್ಟ. ಸೂಜಿಯಿಂದ ಹೆಸರು ಮಾಡಿದ ಅವನೇ ಮುಂದೆ ಬೆನ್ನುನೋವಿನ ಚಿಕಿತ್ಸೆಗಳಲ್ಲಿ ಎಷ್ಟಕ್ಕೆ ಪುರಾವೆಯಿದೆ ಎಂದು ಸ್ವೀಡನ್ನಿನಲ್ಲಿ ಕಟ್ಟುನಿಟ್ಟಾಗಿ ಜಾಲಾಡಿಸಿದ. ಅಂಥವರು ಕಡಿಮೆ.

ಕೆಲಸವನ್ನೇ ತಿದ್ದಿದ ಕಡೆ ಏನಾಯಿತು? ಒಂದು ಉದಾಹರಣೆ ಸಾಕು. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ಅರುಣ್ ಗರ್ಗ್ ಮತ್ತು ಬರ್ನಿಸ್ ಓವನ್, ಮುದುಕರನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುವ ಆಯಾಗಳಿಗೆ ಎತ್ತುಯಂತ್ರ, ಮುದುಕರ ಸೊಂಟಕ್ಕೆ ಕಟ್ಟುವ ಹಿಡಿಪಟ್ಟಿ, ಚಕ್ರದ ಕುರ್ಚಿಗಳನ್ನು ಒದಗಿಸಿದರು. ಎತ್ತುವುದನ್ನು ಎಳೆಯುವುದಾಗಿ ಮಾಡಿದರು. 2 ಲಕ್ಷ ದುಡಿಮೆಯ ಗಂಟೆಗೆ 83ರಂತೆ ಇದ್ದ ಬೆನ್ನಿನ ಗಾಯಗಳು 47ಕ್ಕೆ ಇಳಿದವು ಎಂದು 1992ರಲ್ಲಿ ವರದಿ ಮಾಡಿದರು.

ನಮ್ಮ ಪ್ಯಾಂಟ್ರಿಯಲ್ಲಿ ಈಗ ಕ್ಯಾನು ಬೋರಲು ಬೀಳುವುದಿಲ್ಲ. ಒಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತಿರುತ್ತದೆ, ಬಾಯಿಗೊಂದು ಚಾರ್ಜ್ ಮಾಡುವ ಪುಟ್ಟ ಪಂಪು. ಪೋಸ್ಟರ್ ಇನ್ನೂ ಇದೆ. ಕಳೆದ ವಾರ ಲಿಫ್ಟ್ ಕೆಟ್ಟಿತ್ತು. ಕ್ಯಾನು ತರುವ ಹುಡುಗ, ರಾಯಚೂರಿನ ಕಡೆಯವನು, ಒಂದನ್ನು ಹೆಗಲ ಮೇಲಿಟ್ಟುಕೊಂಡು ಮೂರನೇ ಮಹಡಿಗೆ ಹತ್ತುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ನಿಂತು, ಸೊಂಟದೆತ್ತರದ ಗಿಡ್ಡ ಗೋಡೆಗೆ ಕ್ಯಾನನ್ನು ಜಾರಿಸಿ, ಒಂದು ಕೈ ಅದರ ಮೇಲಿಟ್ಟುಕೊಂಡೇ ಬೆವರು ಒರೆಸಿಕೊಂಡ. ಕೆಳಗಿಟ್ಟು ಐದು ನಿಮಿಷ ಕೂರಬಾರದೇನಪ್ಪಾ ಎಂದೆ.

"ನೆಲಕ್ಕಿಟ್ರ ಮತ್ತ ಎತ್ತಬೇಕಲ್ರೀ ಸರ" ಎಂದು ಹೆಗಲು ಬದಲಿಸಿಕೊಂಡ. ದಿನಕ್ಕೆ ಎಷ್ಟು ಕ್ಯಾನು ಎಂದು ಕೇಳಿದೆ. ಬ್ಯಾಸಗ್ಯಾಗ ನೂರು ದಾಟತಾವು ಎನ್ನುತ್ತಾ ಮೇಲಕ್ಕೆ ಹತ್ತಿದ.